ಮಾಲವಣದ ಬೋಟಿಗೆ ಮುನ್ನ ಬೆಳಗಾವಿಯಲ್ಲಿ ಒಂದು ರಾತ್ರಿ: ಕ್ಯಾರವಾನ್ ಪ್ರವಾಸದ ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ ಕಡೆಯಿಂದ ಮಾಲವಣದ ಎದುರು ಸಮುದ್ರದ ನಡುವೆ ಇರುವ ಸಿಂಧುದುರ್ಗ ಕೋಟೆಗೆ ಕ್ಯಾರವಾನ್ (ಒಳಗೇ ಮಲಗುವ ವ್ಯವಸ್ಥೆ ಇರುವ ಗಾಡಿ) ತಗೊಂಡು ಹೋಗುವವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಮನೆಯಲ್ಲಿ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಗಾಡಿ ಬಿಡುತ್ತಾರೆ. "ಹಿಂದ ಮಂಚ ಐತಲ್ಲ, ನಿದ್ದಿ ಬಂದಲ್ಲಿ ಮಲಗೂಣು" ಅನ್ನುವ ಧೈರ್ಯ. ನಿದ್ದೆ ಬರುವ ಹೊತ್ತಿಗೆ ಸರಿಯಾಗಿ, ಬೆಳಗಾವಿ ದಾಟಿ ಕರಾವಳಿಗೆ ಇಳಿಯುವ ಆಂಬೋಲಿ ಘಾಟ್ ಎದುರಾಗುತ್ತದೆ. ಅಲ್ಲಿ ನಿಲ್ಲಿಸಲು ಜಾಗ ಇಲ್ಲ, ಇಳಿಯಲು ಕಣ್ಣು ಬಿಡುತ್ತಿಲ್ಲ.

ನಾನೂ ಮೊದಲ ಸಲ ಹಾಗೇ ಮಾಡಿದವನು. ಅರ್ಧ ಘಾಟ್ ಇಳಿಯುವಷ್ಟರಲ್ಲಿ ಬ್ರೇಕಿನ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ನಸುಕಿನಲ್ಲಿ ಮಾಲವಣ ಮುಟ್ಟಿ, ಒಂದು ಸಂದಿಯಲ್ಲಿ ಗಾಡಿ ಸಿಕ್ಕಿಸಿಕೊಂಡು, ಎದ್ದಾಗ ಹನ್ನೊಂದಾಗಿತ್ತು. ಬೋಟಿನ ಸರದಿ ರಸ್ತೆವರೆಗೆ ಬಂದಿತ್ತು.

ಮಲಗುವ ಜಾಗವನ್ನು ನಿದ್ದೆ ನೋಡಿ ಆರಿಸಬಾರದು. ಬೋಟು ಮತ್ತು ಘಾಟ್ ನೋಡಿ ಆರಿಸಬೇಕು. ನಮ್ಮ ಕಡೆಯವರಿಗೆ ಆ ಜಾಗ ಘಾಟಿನ ಮೇಲೆ, ಅಂದರೆ ಬೆಳಗಾವಿಯಲ್ಲಿ.

1. ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಮೊದಲು ಒಂದು ಮಾತು. ಮಾಲವಣದ ಬೋಟಿನಲ್ಲಿ ಗಾಡಿ ಹೋಗುವುದಿಲ್ಲ, ಜನ ಮಾತ್ರ. ಕೋಟೆಯಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತೆಯೂ ಇಲ್ಲ. ಹಾಗಾಗಿ ಗಾಡಿಯನ್ನು ದಡದಲ್ಲಿ ಬಿಟ್ಟು, ಹೋಗಿ, ಎರಡು ತಾಸಿನಲ್ಲಿ ವಾಪಸ್ ಬರುವ ಲೆಕ್ಕ ಹಾಕಿ.

ಗುರಿ ಹತ್ತು ಗಂಟೆಯ ಆಸುಪಾಸಿನ ಬೋಟು. ಬೆಳಗಿನ ಹೊತ್ತು ಸಮುದ್ರ ಶಾಂತ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೋಟು ಜಾಸ್ತಿ ಕುಲುಕುತ್ತದೆ, ಕೋಟೆ ಗೋಡೆಯ ಮೇಲೆ ಕಾಲಿಡಲು ಆಗದಷ್ಟು ಬಿಸಿಲು.

ಈಗ ಹಿಂದಕ್ಕೆ ಬನ್ನಿ. ಬೆಳಗಾವಿಯಿಂದ ಮಾಲವಣ ಸುಮಾರು 150 ಕಿ.ಮೀ. ಕಾರಿಗೆ ಮೂರೂವರೆ ತಾಸು ಸಾಕು. ಕ್ಯಾರವಾನಿಗೆ ನಾಲ್ಕೂವರೆ ತಾಸು ಇಟ್ಟುಕೊಳ್ಳಿ, ಒಂದು ಚಹಾ ಸೇರಿ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಏಳರ ಹೊತ್ತಿಗೆ ಆಂಬೋಲಿ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ಏಳರ ಹತ್ತಿರ. ಅಂದರೆ ಘಾಟ್ ಇಳಿಯುವಾಗ ಬೆಳಕು ನಿಮ್ಮ ಜೊತೆ ಇರುತ್ತದೆ. ನಾಲ್ಕಕ್ಕೇ ಹೊರಟರೆ ಕತ್ತಲಲ್ಲಿ ಘಾಟ್, ಏಳಕ್ಕೆ ಹೊರಟರೆ ತಡವಾದ ಬೋಟು. ಐದು ಅಂದರೆ ಐದೇ.

ಇನ್ನೂ ಹಿಂದಕ್ಕೆ. ಐದಕ್ಕೆ ಹೊರಡಲು ನಾಲ್ಕೂವರೆಗೆ ಏಳಬೇಕು, ಹತ್ತಕ್ಕೆ ಮಲಗಬೇಕು, ಎಂಟಕ್ಕೆ ಬೆಳಗಾವಿ ಮುಟ್ಟಿರಬೇಕು. ಬಾಗಲಕೋಟೆಯಿಂದ ಸುಮಾರು 140 ಕಿ.ಮೀ., ನಾಲ್ಕು ಗಂಟೆಗೆ ಬಿಡಿ. ವಿಜಯಪುರದಿಂದ ಸುಮಾರು 200 ಕಿ.ಮೀ., ಎರಡೂವರೆಗೆ ಬಿಡಿ. ಶುಕ್ರವಾರ ಅರ್ಧ ದಿನ ರಜೆ ಸಿಗದಿದ್ದರೆ ಶನಿವಾರ ಮಧ್ಯಾಹ್ನ ಹೊರಟು ರವಿವಾರ ಬೋಟು ಹಿಡಿಯಿರಿ. ರಾತ್ರಿ ಒಂಬತ್ತಕ್ಕೆ ಮನೆ ಬಿಡುವುದಂತೂ ಬೇಡವೇ ಬೇಡ.

2. ದಿನ ಆರಿಸುವಾಗ ನೋಡಬೇಕಾದ ಮೂರು ವಿಷಯ

ಮಳೆಗಾಲ: ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಕೋಟೆಯ ಬೋಟು ಬಂದ್. ಸೆಪ್ಟೆಂಬರಿನಲ್ಲೂ ಸಮುದ್ರ ಪೂರ್ತಿ ಇಳಿದಿರುವುದಿಲ್ಲ. ನನ್ನ ಪ್ರಕಾರ ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ.

ಕಬ್ಬಿನ ಹಂಗಾಮು: ಸರಿಯಾದ ಕಾಲ ಅಂದೆನಲ್ಲ, ಅದೇ ಕಾಲಕ್ಕೆ ಜಮಖಂಡಿ, ಮುಧೋಳ, ಗೋಕಾಕ ಕಡೆ ಕಾರ್ಖಾನೆಗಳು ಕಬ್ಬು ನುರಿಸುತ್ತಿರುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬಾ. ಹಿಂದೆ ಕೆಂಪು ದೀಪ ಇರುವುದಿಲ್ಲ. ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ಮುಂದಿನ ಕಬ್ಬಿನ ಹೊರೆ ಕಾಣಿಸುವುದೇ ಇಲ್ಲ. ಮೂರು ಟನ್ ತೂಕದ ಗಾಡಿ ಅಷ್ಟು ಬೇಗ ನಿಲ್ಲುವುದೂ ಇಲ್ಲ. ವಿಜಯಪುರದವರು ಚಿಕ್ಕಪಡಸಲಗಿ ಸೇತುವೆ ದಾಟಿ, ಜಮಖಂಡಿ, ಮುಧೋಳ ಹಿಂದೆ ಹಾಕಿ ಲೋಕಾಪುರ ಮುಟ್ಟುವವರೆಗೂ ಹಗಲು ಇರಬೇಕು. ಎರಡೂವರೆಗೆ ಬಿಡಿ ಅಂದಿದ್ದು ಅದಕ್ಕೇ.

ಹುಣ್ಣಿಮೆ: ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದಾಗ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಟ್ರ್ಯಾಕ್ಟರು, ಜೀಪುಗಳೆಲ್ಲ ಯರಗಟ್ಟಿ ಸುತ್ತಲೇ ಇರುತ್ತವೆ. ನೀವೂ ಅಲ್ಲೇ ಹಾಯಬೇಕು. ಆ ದಿನಗಳ ಆಚೀಚೆ ಎರಡು ದಿನ ಬಿಟ್ಟುಬಿಡಿ. ಯಲ್ಲಮ್ಮನಿಗೇ ಹೋಗುವುದಿದ್ದರೆ ಮಾತು ಬೇರೆ, ಆಗ ಬೋಟಿನ ಆಸೆ ಬಿಡಿ.

3. ಹೊರಡುವ ಹಿಂದಿನ ದಿನ: ಕಾಗದ ಮತ್ತು ಗಾಡಿ

ಆಂಬೋಲಿ, ಮಾಲವಣ ಎರಡೂ ಮಹಾರಾಷ್ಟ್ರ. ಬಾಡಿಗೆ ಕ್ಯಾರವಾನ್ ಆದರೆ ಮಾಲೀಕರಿಂದ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಕೇಳಿ, ಅದರ ತಾರೀಕು ನೋಡಿ. "ಎಲ್ಲಾ ಐತ್ರಿ, ಏನೂ ಆಗಂಗಿಲ್ಲ" ಅನ್ನುವ ಮಾತು ಗಡಿಯಲ್ಲಿ ನಡೆಯುವುದಿಲ್ಲ. ನಿಮ್ಮದೇ ಟೆಂಪೊ ಟ್ರಾವೆಲರಿಗೆ ಮಂಚ, ಕಟ್ಟೆ ಹಾಕಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರಿಗೆ ಅದೇ ನೆಪ.

ಗಾಡಿಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಬ್ರೇಕು, ಟೈರು, ಬ್ಯಾಟರಿ. ಬ್ರೇಕ್ ಆಯಿಲ್ ಎರಡು ವರ್ಷದಿಂದ ಬದಲಾಯಿಸಿಲ್ಲವೆಂದರೆ ಈಗ ಬದಲಾಯಿಸಿ. ಹಳೇ ಆಯಿಲ್ ನೀರು ಹೀರಿರುತ್ತದೆ, ಬಿಸಿಯಾದಾಗ ಕುದ್ದು ಪೆಡಲ್ ಮೆತ್ತಗಾಗುತ್ತದೆ. ಟೈರಿನ ಗಾಳಿಯನ್ನು ತಣ್ಣಗಿರುವಾಗ ನೋಡಿ, ಸಾಮಾನು ತುಂಬಿದ ಮೇಲೆ.

ಜೊತೆಗಿರಬೇಕಾದ ಸಲಕರಣೆ: ಚಕ್ರಕ್ಕೆ ಇಡಲು ನಾಲ್ಕು ಮರದ ತುಂಡು, ಎರಡು ಹಲಗೆ, 15 ಮೀಟರಿನ ದಪ್ಪ ವಯರಿನ ಎಕ್ಸ್‌ಟೆನ್ಷನ್, ಲೈನ್ ಟೆಸ್ಟರ್, ನೀರು ತುಂಬುವ ಪೈಪು, ತಲೆಗೆ ಕಟ್ಟುವ ಟಾರ್ಚು, ಸಣ್ಣ ಬೆಂಕಿ ಆರಿಸುವ ಸಿಲಿಂಡರ್, ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಈ ಚೀಲ ಯಾಕೆ ಅಂತ ಬೋಟಿನ ಹತ್ತಿರ ಹೇಳುತ್ತೇನೆ.

4. ಕರೆಂಟಿನ ಲೆಕ್ಕ

ಇಲ್ಲಿ ಜನ ಸುಮ್ನೆ ನಂಬಿಕೆಯ ಮೇಲೆ ಹೋಗುತ್ತಾರೆ. ಲೆಕ್ಕ ಕಷ್ಟದ್ದಲ್ಲ.

12 ವೋಲ್ಟಿನ 100 ಆಂಪ್-ಅವರ್ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಇರುತ್ತದೆ. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗುವುದು 600. ಒಂದು 25 ವ್ಯಾಟ್ ಫ್ಯಾನ್ ಎಂಟು ತಾಸು ಓಡಿದರೆ 200. ಸಣ್ಣ ಫ್ರಿಜ್ಜು ರಾತ್ರಿಯಿಡೀ ಸುಮಾರು 200. ಮೊಬೈಲು, ದೀಪ ಸೇರಿ 60. ಒಟ್ಟು 460. ಸರಿಹೋಯಿತು ಅನಿಸುತ್ತದೆ, ಅಲ್ವಾ? ಈಗ ಯಾರಾದರೂ 1500 ವ್ಯಾಟಿನ ಕೆಟಲ್ ಹಚ್ಚಿ ಎರಡು ಸಲ ಚಹಾ ಮಾಡಿದರೆ ಮಿಕ್ಕ 140ರಲ್ಲಿ ಏನೂ ಉಳಿಯುವುದಿಲ್ಲ. ಕೆಟಲ್ ಮನೆಯಲ್ಲೇ ಇರಲಿ, ಫ್ಲಾಸ್ಕ್ ತನ್ನಿ.

ಡಿಸೆಂಬರಿನಲ್ಲಿ ಬೆಳಗಾವಿಯ ರಾತ್ರಿ ಚಳಿಯೇ ಇರುತ್ತದೆ. ಫ್ಯಾನೂ ಬೇಡ, ಕೌದಿ ಬೇಕು. ಘಾಟಿನ ಮೇಲೆ ಮಲಗುವುದರ ಇನ್ನೊಂದು ಲಾಭ ಇದು. ಕೆಳಗೆ ಮಾಲವಣದ ಸೆಕೆಯಲ್ಲಿ ಎಸಿ ಇಲ್ಲದೆ ಮಕ್ಕಳು ಮಲಗುವುದಿಲ್ಲ.

ಎಸಿಗಾಗಿ ಎಂಜಿನ್ ಅಥವಾ ಜನರೇಟರ್ ಹಚ್ಚಿಟ್ಟು ಎಂದೂ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ತೂಕಡಿಕೆ ಒಟ್ಟಿಗೆ ಬಂದರೆ ಅದು ದಣಿವು ಅಂದುಕೊಳ್ಳಬೇಡಿ. ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ತನ್ನಿ.

ಗ್ಯಾಸಿಗೂ ಇದೇ ಶಿಸ್ತು. 5 ಕೆ.ಜಿ. ಸಿಲಿಂಡರ್ ಸಾಕು, ನೆಟ್ಟಗೆ ಕಟ್ಟಿರಬೇಕು, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯನ್ನು ಮಂಚದ ಮೇಲೆ ಕುಳಿತು ನೋಡಬೇಡಿ, ಬಗ್ಗಿ ನೋಡಿ. ನಿಜ ಹೇಳಬೇಕೆಂದರೆ ಒಂದು ರಾತ್ರಿಯ ಪ್ರವಾಸಕ್ಕೆ ಅಡುಗೆಯೇ ಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಳ್ಳಿ. ಇದಕ್ಕಿಂತ ಒಳ್ಳೆಯ ಕ್ಯಾರವಾನ್ ಊಟ ಯಾರೂ ಕಂಡುಹಿಡಿದಿಲ್ಲ.

5. ಬೆಳಗಾವಿಯಲ್ಲಿ ಎಲ್ಲಿ ನಿಲ್ಲಿಸಬೇಕು

ಮೊದಲ ಪ್ರಶ್ನೆ: ಊರಿನ ಈಚೆಯೋ, ಆಚೆಯೋ? ಬಾಗಲಕೋಟೆ ರಸ್ತೆ ನೇಸರಗಿ, ಮಾರಿಹಾಳ, ಸಾಂಬ್ರಾ ಹಾಯ್ದು ಪೂರ್ವದಿಂದ ಊರು ಸೇರುತ್ತದೆ. ಆಂಬೋಲಿ ರಸ್ತೆ ಪಶ್ಚಿಮಕ್ಕೆ, ಹಿಂಡಲಗಾ ಕಡೆ ಹೊರಡುತ್ತದೆ. ನಡುವೆ ಇಡೀ ಊರು. ಹಲವರು ರಾತ್ರಿಯೇ ಊರು ದಾಟಿ ಹಿಂಡಲಗಾ ಕಡೆ ಮಲಗಲು ನೋಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಎಂಟು ಗಂಟೆಗೆ ಚೆನ್ನಮ್ಮ ಸರ್ಕಲ್‌ನಲ್ಲಿ ಉದ್ದದ ಗಾಡಿ ನಡೆಸುವುದು ಶಿಕ್ಷೆ. ಅದೇ ದಾರಿ ಬೆಳಿಗ್ಗೆ ಐದಕ್ಕೆ ಖಾಲಿ. ಈಚೆಯೇ ಮಲಗಿ, ನಸುಕಿನಲ್ಲಿ ದಾಟಿ.

ಜಾಗ ಎಂಥದ್ದಿರಬೇಕು? ದೊಡ್ಡ ಕಾಂಪೌಂಡ್ ಇರುವ ಹೆದ್ದಾರಿ ಹೋಟೆಲ್ ಅಥವಾ ಲಾಡ್ಜ್ ನನ್ನ ಮೊದಲ ಆಯ್ಕೆ. ಅಲ್ಲೇ ಊಟ ಮಾಡಿ, ಬೇಕಾದರೆ ಒಂದು ರೂಮು ಹಿಡಿಯಿರಿ. ಶೌಚಾಲಯ, ಸ್ನಾನದ ಚಿಂತೆ ಮುಗಿಯಿತು, ಹಿರಿಯರಿಗೆ ಮಂಚವೂ ಆಯಿತು. ಎರಡನೆಯದು ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕು. ಡೀಸೆಲ್ ತುಂಬಿಸಿ ಕೇಳಿದರೆ ಮೂಲೆಯಲ್ಲಿ ಜಾಗ ಕೊಡುವವರಿದ್ದಾರೆ, ಆದರೆ ಅಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಮೂರನೆಯದು ಪರಿಚಯದವರ ಹೊಲದ ಮನೆ. ಬೆಳಗಾವಿಯಲ್ಲಿ ನಮ್ಮ ಕಡೆಯವರು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಆದರೆ ಅವರು ಊಟಕ್ಕೆ ಕೂರಿಸಿದರೆ ಹತ್ತಕ್ಕೆ ಮಲಗುವ ಲೆಕ್ಕ ಕೆಟ್ಟಿತು ಅಂತಲೇ ತಿಳಿಯಿರಿ.

ಫೋನಿನಲ್ಲಿ ಕೇಳುವಾಗ "ಪಾರ್ಕಿಂಗ್ ಐತೇನ್ರಿ" ಅಂತ ಮಾತ್ರ ಕೇಳಬೇಡಿ. ಎಲ್ಲರೂ ಐತಿ ಅನ್ನುತ್ತಾರೆ. ಹೀಗೆ ಕೇಳಿ: "ಅಣ್ಣಾರ, ನಮ್ಮದು ಟೆಂಪೊ ಟ್ರಾವೆಲರ್‌ಗಿಂತ ಸ್ವಲ್ಪ ಎತ್ತರದ ಗಾಡಿ. ಗೇಟಿನ ಮೇಲೆ ಕಮಾನು ಇದೆಯಾ? ಗಾಡಿಯೊಳಗೇ ಮಲಗುತ್ತೇವೆ, ನಡೆಯುತ್ತಾ? ಬೆಳಿಗ್ಗೆ ಐದಕ್ಕೆ ಗೇಟ್ ಯಾರು ತೆಗೆಯುತ್ತಾರೆ?" ಕೊನೆಯ ಪ್ರಶ್ನೆ ಮರೆತವರು ಕಾವಲುಗಾರನನ್ನು ಹುಡುಕುತ್ತ ಅರ್ಧ ತಾಸು ಕಳೆಯುತ್ತಾರೆ.

ಎಲ್ಲಿ ನಿಲ್ಲಿಸಲೇಬಾರದು ಅನ್ನುವುದೂ ಗೊತ್ತಿರಲಿ. ಸಾಂಬ್ರಾದಲ್ಲಿ ವಿಮಾನ ನಿಲ್ದಾಣ, ವಾಯುಪಡೆಯ ನೆಲೆ ಇವೆ. ಊರೊಳಗೆ ಕ್ಯಾಂಪ್ ಪ್ರದೇಶ ಸೇನೆಯದು. ಅಲ್ಲಿಯ ರಸ್ತೆಗಳು ಅಗಲ, ಮರದ ನೆರಳು, ನೋಡಿದರೆ ಮಲಗುವ ಆಸೆ ಆಗುತ್ತದೆ. ಗೋಡೆ ಪಕ್ಕ ಗಾಡಿ ನಿಲ್ಲಿಸಿದರೆ ಎಬ್ಬಿಸಿ ಕಳಿಸುತ್ತಾರೆ, ಅದು ಅವರ ಕೆಲಸ. ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಸಾಲಿನ ಹಿಂದೆ ಕೂಡ ಬೇಡ. ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವುದು ಅಲ್ಲೇ. ಆಂಬೋಲಿಯ ವ್ಯೂ ಪಾಯಿಂಟ್‌ಗಳೂ ಬೇಡ. ಅದು ಕಾಡು, ರಾತ್ರಿ ಕಾಡುಕೋಣ ರಸ್ತೆಗೆ ಬರುತ್ತವೆ.

6. ಜಾಗ ಮುಟ್ಟಿದ ಮೇಲೆ ಮಾಡುವ ಕೆಲಸ, ಇದೇ ಕ್ರಮದಲ್ಲಿ

ಮೊದಲು ಇಳಿದು ನಡೆದು ನೋಡಿ: ಮೇಲೆ ವಯರು, ಕೆಳಗೆ ಗಟಾರ, ಮಣ್ಣು ಗಟ್ಟಿ ಇದೆಯೇ.

ಗಾಡಿಯ ಮುಖ ಗೇಟಿನ ಕಡೆ ಇರುವಂತೆ ನಿಲ್ಲಿಸಿ. ರಿವರ್ಸ್ ಏನಿದ್ದರೂ ಈಗಲೇ ಆಗಲಿ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ರಿವರ್ಸ್ ಹೊಡೆದು ಹಿಂದಿನ ದೀಪ ಒಡೆಸಿಕೊಂಡವರು ಬಹಳ.

ಗಾಡಿಯೊಳಗಿನ ನೆಲದ ಮೇಲೆ ಒಂದು ತಾಟು ಇಟ್ಟು ಸ್ವಲ್ಪ ನೀರು ಹಾಕಿ. ಯಾವ ಕಡೆ ಸರಿಯಿತೋ ಆ ಕಡೆ ಇಳಿಜಾರು. ಆ ಚಕ್ರದ ಕೆಳಗೆ ಹಲಗೆ ಕೊಟ್ಟು ಎತ್ತರಿಸಿ, ಆಮೇಲೆ ಮರದ ತುಂಡು ಇಡಿ. ಪೂರ್ತಿ ಸಮ ಆಗದಿದ್ದರೆ ತಲೆ ಮೇಲಿನ ಕಡೆ ಇರುವಂತೆ ಮಲಗಿ.

ಹೊರಗಿನ ಕರೆಂಟ್ ಸಿಕ್ಕರೆ ಪ್ಲಗ್ಗಿಗೆ ಹಚ್ಚುವ ಮೊದಲು ಟೆಸ್ಟರ್ ಹಿಡಿಯಿರಿ. ಗಾಡಿಯ ಬಾಡಿ ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ. ಆ ರಾತ್ರಿ ಬ್ಯಾಟರಿಯಲ್ಲೇ ಕಳೆಯಿರಿ.

ನೀರು ಒಬ್ಬರಿಗೆ 10 ಲೀಟರಿನಂತೆ ತುಂಬಿಸಿ, ಜಾಸ್ತಿ ಬೇಡ. ಘಾಟಿನಲ್ಲಿ ಪ್ರತಿ ಲೀಟರೂ ಒಂದು ಕಿಲೋ ಭಾರ. ಗಾಡಿಯಲ್ಲಿ ಡಬ್ಬಿಯ ಶೌಚಾಲಯವಿದ್ದರೆ ಅದನ್ನು ಹೋಟೆಲಿನವರನ್ನು ಕೇಳಿ ಕಮೋಡಿಗೆ ಸುರಿಯಿರಿ. ಹೊಲ, ಹಳ್ಳಕ್ಕೆ ಸುರಿದು ಬಂದರೆ ಮುಂದಿನ ಕ್ಯಾರವಾನಿಗೆ ಯಾರೂ ಜಾಗ ಕೊಡುವುದಿಲ್ಲ.

7. ರಾತ್ರಿ ಒಂಬತ್ತರ ತೀರ್ಮಾನ

ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಬೋಟು ನಾಳೆ ಹೋಗುತ್ತದೆಯೇ ಅಂತ ಇಲ್ಲೇ ನೋಡಬೇಕು. ಬೋಟಿನ ಹಂಗಾಮಿನಲ್ಲೂ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದರೆ ಬೋಟು ನಿಲ್ಲಿಸುತ್ತಾರೆ.

ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ನೋಡಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ಮುನ್ಸೂಚನೆ ಕೊಡುತ್ತದೆ, ಸಿಂಧುದುರ್ಗ ಕರಾವಳಿ ಅಂತ ಹುಡುಕಿ. ಮಾಲವಣದಲ್ಲಿ ಯಾವುದಾದರೂ ಮನೆಯೂಟದ ಖಾನಾವಳಿಗೆ ಫೋನ್ ಮಾಡಿ "ಹೋಡಿ ಚಾಲೂ ಆಹೆ ಕಾ" (ಬೋಟು ಚಾಲೂ ಇದೆಯಾ) ಅಂದರೂ ಸಾಕು, ಉತ್ತರ ಸಿಗುತ್ತದೆ.

ಬಂದ್ ಅಂತ ಗೊತ್ತಾದರೆ ಘಾಟ್ ಇಳಿಯಬೇಡಿ. ಬೆಳಗಾವಿಯಿಂದ ಗೋಕಾಕ ಜಲಪಾತವೋ, ಕಿತ್ತೂರೋ ನೋಡಿಕೊಂಡು ಕುಂದಾ ಕಟ್ಟಿಸಿಕೊಂಡು ಮನೆಗೆ ಹೋಗಬಹುದು. ಮಾಲವಣಕ್ಕೆ ಹೋಗಿ ಈ ತೀರ್ಮಾನ ಮಾಡಿದರೆ 300 ಕಿ.ಮೀ. ಡೀಸೆಲ್ ವ್ಯರ್ಥ.

8. ಬೆಳಗಾವಿಯಿಂದ ಘಾಟಿನ ಬುಡದವರೆಗೆ

ಮ್ಯಾಪು ಐದು ನಿಮಿಷ ಉಳಿಸಲು ಬಜಾರಿನ ಗಲ್ಲಿಗಳಿಗೆ ಹಾಕುತ್ತದೆ, ಕೇಳಬೇಡಿ. ಚೆನ್ನಮ್ಮ ಸರ್ಕಲ್‌ನಿಂದ ಹಿಂಡಲಗಾದ ದೊಡ್ಡ ರಸ್ತೆ ಹಿಡಿಯಿರಿ. ಬಾಚಿ, ಶಿನೋಳಿ ಬಂದರೆ ದಾರಿ ಸರಿ ಇದೆ. ಬಾಗಲಕೋಟೆಯಿಂದ ನೀವು ಬಂದ ರಸ್ತೆಯ ಹೆಸರೇ ರಾಯಚೂರು-ಬಾಚಿ ರಾಜ್ಯ ಹೆದ್ದಾರಿ. ಆ ಬಾಚಿ ಇದೇ, ರಸ್ತೆಯ ಜೊತೆಗೆ ಕರ್ನಾಟಕವೂ ಅಲ್ಲೇ ಮುಗಿಯುತ್ತದೆ.

ಗಾಡಿ ಓಡುವಾಗ ಯಾರೂ ಮಂಚದ ಮೇಲೆ ಮಲಗಬಾರದು. ಮಕ್ಕಳನ್ನು ಎಬ್ಬಿಸಿ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ. ಅಳುತ್ತಾರೆ, ಅಳಲಿ.

ಆಂಬೋಲಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಚಹಾ ಕುಡಿಯಿರಿ, ಚಕ್ರ ಮುಟ್ಟಿ ನೋಡಿ. ಮಂಜು ದಟ್ಟವಾಗಿದ್ದರೆ ಕರಗುವವರೆಗೂ ಕಾಯಿರಿ. ಆಮೇಲೆ ಇಳಿಜಾರು ಶುರುವಾಗುವ ಮುನ್ನವೇ ಎರಡನೇ ಗೇರಿಗೆ ಬನ್ನಿ. ಗಾಡಿಯನ್ನು ಎಂಜಿನ್ ಹಿಡಿಯಬೇಕು, ಬ್ರೇಕಲ್ಲ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಿ. ಸಣ್ಣಗೆ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾಯುತ್ತದೆ. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವ ಜಾಣತನ ಇಲ್ಲಿ ಬೇಡ.

ಎಚ್ಚರಿಕೆಯ ಲಕ್ಷಣ ಮೂರು: ಸುಟ್ಟ ರಬ್ಬರಿನಂಥ ವಾಸನೆ, ಪೆಡಲ್ ಎಂದಿಗಿಂತ ಕೆಳಗೆ ಹೋಗುವುದು, ಚಕ್ರದ ಹತ್ತಿರ ಹೊಗೆ. ಒಂದು ಕಂಡರೂ ಅಗಲ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ತುಂಡು ಇಡಿ, ಬಿಸಿ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ. ಅರ್ಧ ತಾಸು ಕಾಯಿರಿ. ನೀರು ಸುರಿಯಬೇಡಿ, ಕಾದ ಡ್ರಮ್ ಬಿರುಕು ಬಿಡುತ್ತದೆ.

ಕೆಳಗೆ ದಾಣೋಲಿ, ಮುಂದೆ ಸಾವಂತವಾಡಿ. ಅಲ್ಲಿಂದ ಹೆದ್ದಾರಿ 66 ಹಿಡಿದು ಕುಡಾಳ, ಕುಡಾಳದಿಂದ ಎಡಕ್ಕೆ ಮಾಲವಣ. ನಾಷ್ಟಾ ಕುಡಾಳದಲ್ಲಿ ಮುಗಿಸಿ, ಹಗುರವಾಗಿ. ಮಿಸಳ್ ತಿಂದು ಬೋಟು ಹತ್ತಿದರೆ ಹೊಟ್ಟೆ ಮಾತಾಡುತ್ತದೆ.

9. ಜೆಟ್ಟಿ

ಮಾಲವಣದ ಬಜಾರು ಇಕ್ಕಟ್ಟು. ಎರಡೂ ಕಡೆ ಕೆಂಪು ಚಿರೇಕಲ್ಲಿನ ಗೋಡೆ, ಮೇಲೆ ತೆಂಗಿನ ಗರಿ. ಜೆಟ್ಟಿಯ ಬಾಯಿವರೆಗೆ ಕ್ಯಾರವಾನ್ ನುಗ್ಗಿಸಬೇಡಿ. ಬಜಾರಿಗೆ ಮುನ್ನವೇ ಹಣ ಕೊಟ್ಟು ನಿಲ್ಲಿಸುವ ಬಯಲು ಸಿಕ್ಕರೆ ಅಲ್ಲೇ ಬಿಟ್ಟು ರಿಕ್ಷಾ ಹಿಡಿಯಿರಿ. ಒಬ್ಬರನ್ನು ಮೊದಲೇ ಇಳಿಸಿ ಟಿಕೆಟ್ ಸರದಿಗೆ ಕಳಿಸಿದರೆ ಇನ್ನೂ ಒಳ್ಳೆಯದು. ಜೇಬಿನಲ್ಲಿ ನೋಟು ಇರಲಿ, ಫೋನಿನ ಪೇಮೆಂಟ್ ಕೈಕೊಡಬಹುದು.

ಗಾಡಿ ಬಿಡುವ ಮುನ್ನ ಗ್ಯಾಸ್ ಬಂದ್, ಇನ್ವರ್ಟರ್ ಬಂದ್, ಕಿಟಕಿ ಬಂದ್. ಕೀ ಮತ್ತು ಫೋನು ಆ ಜಿಪ್ ಚೀಲಕ್ಕೆ. ಉಪ್ಪುನೀರಿನ ಒಂದು ಸಿಡಿತ ರಿಮೋಟ್ ಕೀಯನ್ನು ಕೊಂದುಹಾಕುತ್ತದೆ, ಆಮೇಲೆ ಪರವೂರಿನಲ್ಲಿ ಬೀಗ ತೆಗೆಯುವವರನ್ನು ಹುಡುಕಬೇಕು.

ಬೋಟಿನ ದಾರಿ ಹತ್ತು-ಹದಿನೈದು ನಿಮಿಷದ್ದು. ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದು ಕೇಳಿ ಪಡೆಯಿರಿ, ಪಟ್ಟಿ ಬಿಗಿಯಿರಿ. ಇಳಿದ ಕೂಡಲೇ ಬೋಟಿನ ಹೆಸರು ಅಥವಾ ನಂಬರಿನ ಫೋಟೊ ತೆಗೆದುಕೊಳ್ಳಿ, ವಾಪಸ್ ಅದೇ ಬೋಟಿಗೆ ಬರಬೇಕು. ಸಾಮಾನ್ಯವಾಗಿ ಒಂದು ತಾಸು ಕೊಡುತ್ತಾರೆ. ಕೋಟೆಯ ಗೋಡೆ ಸುತ್ತಳತೆ ಸುಮಾರು 3 ಕಿ.ಮೀ., ಎಲ್ಲಾ ನೋಡುತ್ತೇವೆ ಅಂತ ಹೊರಡಬೇಡಿ. ಗುಡಿ, ಸಿಹಿನೀರಿನ ಬಾವಿ, ಗೋಡೆಯ ಒಂದು ತುಂಡು, ಅಷ್ಟು ಸಾಕು. ಕುಡಿಯುವ ನೀರು, ಟೋಪಿ ಕೈಯಲ್ಲಿರಲಿ.

ತಡವಾಗಿ ಬಂದವರಿಗೆ ಒಂದು ಮಾತು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಮಧ್ಯಾಹ್ನದ ಹೊತ್ತಿಗೆ ಸಮುದ್ರ ತುಂಬಿ, ಸಂಜೆಗೆ ತುಂಬಾ ಇಳಿಯುತ್ತದೆ. ಆಗ ಬೋಟು ಮೆಟ್ಟಿಲಿಗಿಂತ ಬಹಳ ಕೆಳಗೆ ತೇಲುತ್ತಿರುತ್ತದೆ. ಮೊಣಕಾಲು ನೋವಿನ ಹಿರಿಯರಿದ್ದರೆ ಸಂಜೆಯ ಬೋಟು ಬಿಟ್ಟೇಬಿಡಿ.

10. ವಾಪಸ್

ಹನ್ನೆರಡೂವರೆಗೆ ದಡ, ಒಂದೂವರೆಗೆ ಮೀನೂಟವೋ ಸೋಲ್‌ಕಡಿ ಅನ್ನವೋ, ಎರಡೂವರೆಗೆ ಗಾಡಿ. ಐದರೊಳಗೆ ಘಾಟ್ ಹತ್ತಬೇಕು. ಹತ್ತುವಾಗ ಎಂಜಿನ್ ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ, ಏರಿದರೆ ಎಸಿ ಬಂದ್ ಮಾಡಿ, ಕೆಳಗಿನ ಗೇರಿಗೆ ಬನ್ನಿ.

"ಇನ್ನೂ ಹೊತ್ತೈತಿ, ತಾರ್ಕರ್ಲಿ ಬೀಚಿಗೆ ಹೋಗಿಬರೂಣು" ಅಂತ ಹಿಂದಿನ ಸೀಟಿನಿಂದ ಒಂದು ದನಿ ಬಂದೇ ಬರುತ್ತದೆ. ಹೋಗುವುದಾದರೆ ಆ ರಾತ್ರಿ ಕೆಳಗೇ ಉಳಿಯಿರಿ, ಸೋಮವಾರದ ರಜೆ ಹಾಕಿ. ಇಲ್ಲದಿದ್ದರೆ ರಾತ್ರಿ ಎಂಟರೊಳಗೆ ಬೆಳಗಾವಿ, ಹಿಂದಿನ ದಿನದ ಅದೇ ಕಾಂಪೌಂಡು. ಯರಗಟ್ಟಿ, ಲೋಕಾಪುರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಆ ಹೊತ್ತಿಗೂ ದೀಪವಿಲ್ಲದೆಯೇ ಓಡುತ್ತಿರುತ್ತವೆ.